ಮೌನ ಕದ್ದವಳು

"ಈ ಅಂಗಡಿಯ ಮೆಟ್ಟಿಲು ಹತ್ತಬೇಡಿ. ಹತ್ತಿ ಕೆಟ್ಟವನು ನಾನು. ಇಲ್ಲಿ ಕೂತಿರುವ ಹುಡುಗಿ ನೋಡಲು ಸಾಧು, ಕೆಲಸದಲ್ಲಿ ಹಗಲುಗಳ್ಳಿ. ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದ ನನ್ನ ಮೌನವನ್ನು ಕೂತ ಕೂತಲ್ಲೇ ಕದ್ದುಕೊಂಡಳು. ಈಗ ಕುಕ್ಕರ್ ಕೂಗುವುದು ಕೇಳಿಸುತ್ತದೆ, ಸೊಸೆ ಗೊಣಗುವುದು ಕೇಳಿಸುತ್ತದೆ, ಶನಿವಾರ ಅನಸೂಯಮ್ಮನವರು ಪದ್ಯ ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಮುದುಕನನ್ನು ಹೀಗೆ ಅಳಿಸುವವಳನ್ನು ಊರಲ್ಲಿ ಇಟ್ಟುಕೊಳ್ಳಬಹುದೇ? ನೀವೇ ಹೇಳಿ."

ನಂಜರಾಜಯ್ಯ ಇದನ್ನು ಬರೆದದ್ದು ಸಂತೋಷ ತಡೆಯಲಾರದೆ.

ವಿದ್ಯುತ್ ಇಲಾಖೆಯಲ್ಲಿ ಮೀಟರ್ ನೋಡುವ ಕೆಲಸ ಮಾಡಿ ನಿವೃತ್ತರಾದವರು ಅವರು. ಕಾವ್ಯವನ್ನು ಓದಿದವರಲ್ಲ, ಕೇಳಿದವರು. ನಂಜನಗೂಡಿನಲ್ಲಿ ಅವರ ಅಜ್ಜನ ಜಗಲಿಯ ಮೇಲೆ ಒಬ್ಬರು ರಾಗವಾಗಿ ಪದ್ಯ ಹೇಳುತ್ತಿದ್ದರು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು. ಆ ಪದ್ಯಗಳಲ್ಲಿ ಭಕ್ತರಾದವರು ದೇವರನ್ನು ಹೊಗಳಿದ್ದಕ್ಕಿಂತ ಬೈದದ್ದೇ ಹೆಚ್ಚು. ಉಡಲು ಬಟ್ಟೆಯಿಲ್ಲದವನೇ, ಮಲಗಲು ಸುಡುಗಾಡು ಹುಡುಕುವವನೇ, ವಿಷ ಕುಡಿದು ಮೆರೆಯುವವನೇ, ನಿನ್ನನ್ನು ನಂಬಿ ಕೆಟ್ಟೆ ಎಂದು ಬೈದು ಬೈದು, ಕೊನೆಗೆ ಅವನ ಕಾಲ ಬಳಿಯೇ ಕೂರುವರು. ಅದಕ್ಕೆ ನಿಂದಾಸ್ತುತಿ ಎಂದು ಹೆಸರು ಎಂಬುದು ಗೊತ್ತಾಗುವ ಮೊದಲೇ ಆ ಮಾತಿನ ರುಚಿ ಹುಡುಗ ನಂಜರಾಜನಿಗೆ ಹತ್ತಿತ್ತು. ಬರೀ ಗುರುತಿನವರನ್ನು ಹೊಗಳಬೇಕು, ಬೈಯುವುದಕ್ಕೆ ಮಾತ್ರ ತೀರಾ ಹತ್ತಿರದವರೇ ಆಗಬೇಕು ಎಂಬುದು ಅವರ ಮಟ್ಟಿಗೆ ಲೋಕರೂಢಿ.

ನಕ್ಷತ್ರ ಎಷ್ಟು ಕೊಡುತ್ತೀರಿ ಎಂದು ಫೋನು ಕೇಳಿದಾಗ ಒಂದನ್ನೇ ಒತ್ತಿದರು. ಧ್ರುವ ನಕ್ಷತ್ರ ಒಂದೇ ಅಲ್ಲವೇ.

ವಾರ ಕಳೆಯುವುದರೊಳಗೆ ನಿಸರ್ಗಳ ಅಂಗಡಿಯ ಬಾಗಿಲಿನ ಫಲಕ ಕೆಂಪಾಯಿತು.

*

ನಿಸರ್ಗ ಮಾರುತ್ತಿದ್ದದ್ದು ಕಿವಿಯ ಯಂತ್ರ. ಊರಿಗೆಲ್ಲ ಅಂಥ ಅಂಗಡಿ ಅದೊಂದೇ. ಕಡಲೆಕಾಳಿನಷ್ಟಿದ್ದ ಆ ಯಂತ್ರ ಕಿವಿಯೊಳಗೆ ಕೂತು, ಹಾಕಿಕೊಂಡವರ ಸುತ್ತಲಿನ ಸದ್ದನ್ನು ತಾನೇ ಸೋಸಿ ಕೊಡುತ್ತಿತ್ತು. ಒಂದೇ ತಾಪತ್ರಯವೆಂದರೆ ತಿಂಗಳಿಗೊಮ್ಮೆ ಅಂಗಡಿಗೆ ಬಂದು ಅದನ್ನು ಸರಿಹೊಂದಿಸಿಕೊಳ್ಳಬೇಕು. ಊರಿನವರು ಅದನ್ನು ಶ್ರುತಿ ಮಾಡಿಸುವುದು ಎನ್ನುತ್ತಿದ್ದರು. ನಿಸರ್ಗ ಕಿವಿಗೆ ತಂತಿ ಹಚ್ಚಿ, ಎಲ್ಲೋ ಇರುವ ಕಂಪನಿಯ ದೊಡ್ಡ ಯಂತ್ರಕ್ಕೆ ಅನುಮತಿ ಕೇಳಿ, ಸಣ್ಣ ಸಣ್ಣ ತಿರುಪು ತಿರುಗಿಸಿದಂತೆ ಮಾಡುವಳು. ಶ್ರುತಿ ತಪ್ಪಿದ ಯಂತ್ರ ಮೊದಲು ಕಿರುಗುಟ್ಟುತ್ತದೆ, ಆಮೇಲೆ ಮಾತನ್ನು ಕಲಸುತ್ತದೆ, ಕೊನೆಗೆ ಸುಮ್ಮನಾಗುತ್ತದೆ.

ಫಲಕ ಕೆಂಪಾದ ಅಂಗಡಿಗೆ ಕಂಪನಿ ಅನುಮತಿ ಕೊಡುವುದಿಲ್ಲ. ಫಲಕವನ್ನು ಕೆಂಪು ಮಾಡುವುದು ಮಾತುಕಟ್ಟೆ.

ಆಗಿನ ಕಾಲಕ್ಕೆ ಊರಿಗೆಲ್ಲ ಇದ್ದದ್ದು ಫೋನಿನೊಳಗಿನ ಈ ಮಾತುಕಟ್ಟೆ ಒಂದೇ. ಮದುವೆಯ ಫೋಟೋ ಹಾಕುವುದೂ ಅಲ್ಲೇ, ಸಾವಿನ ಸುದ್ದಿ ತಿಳಿಸುವುದೂ ಅಲ್ಲೇ, ಯಾವ ಅಂಗಡಿ ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಬರೆಯುವುದೂ ಅಲ್ಲೇ. ಬರೆದದ್ದನ್ನು ತೂಗುವ ಯಂತ್ರಕ್ಕೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ತಕ್ಕಡಿ ಪ್ರತಿ ಅಭಿಪ್ರಾಯವನ್ನೂ ಓದುತ್ತಿತ್ತು, ಮಾತಿನೊಳಗಿನ ಆರೋಪಗಳನ್ನು ಹೆಕ್ಕುತ್ತಿತ್ತು, ಅಂಗಡಿಯ ತೂಕ ಇಳಿಸುತ್ತಿತ್ತು ಇಲ್ಲವೇ ಏರಿಸುತ್ತಿತ್ತು. ವೈದ್ಯಕೀಯ ಸಾಮಾನು ಮಾರುವವರಿಗಂತೂ ಒಂದು ಗಂಭೀರ ಆರೋಪ ಸಾಕು.

"ತಾತ, ಏನ್ ಬರ್ದ್ರಿ ನೀವು?" ಎಂದು ನಿಸರ್ಗ ಕೇಳಿದಳು.

"ಹೊಗಳಿ ಬರ್ದೆ ಕಣವ್ವ."

"ಹಗಲುಗಳ್ಳಿ ಅಂತ?"

"ಅದಕ್ಕಿಂತ ಹೆಂಗವ್ವ ಹೊಗಳೋದು?"

"ನಂಗೆ ಗೊತ್ತಾಯ್ತು ತಾತ. ಓದಿ ನಕ್ಕಿದ್ದೇ ನಕ್ಕಿದ್ದು. ನಮ್ಮಮ್ಮಂಗೂ ಓದಿ ಹೇಳ್ದೆ. ಆದ್ರೆ ತಕ್ಕಡಿ ನಗಲ್ಲ." ಪರದೆಯನ್ನು ಅವರ ಕಡೆ ತಿರುಗಿಸಿದಳು.

ಅಲ್ಲಿ ಹೀಗಿತ್ತು: ಸ್ವತ್ತಿನ ಕಳವು, ಒಂದು. ಹಿರಿಯ ನಾಗರಿಕರಿಗೆ ಮಾನಸಿಕ ಹಿಂಸೆ, ಒಂದು. ಮಾಲೀಕರನ್ನು ಊರಿನಿಂದ ಹೊರಹಾಕುವಂತೆ ಸಾರ್ವಜನಿಕ ಬೇಡಿಕೆ, ಒಂದು.

ನಂಜರಾಜಯ್ಯ ಅದನ್ನು ಮತ್ತೊಮ್ಮೆ ಓದಿಕೊಂಡರು. ಅವರ ಹಿಂದೆ ಬೆಂಚಿನ ಮೇಲೆ ಅನಸೂಯಮ್ಮ ಕೂತಿದ್ದರು. ಶನಿವಾರದ ವಾಚನದಲ್ಲಿ ಪದ್ಯ ಓದುವ ಅನಸೂಯಮ್ಮನವರಿಗೂ ಎರಡೂ ಕಿವಿಯಲ್ಲಿ ನಿಸರ್ಗಳದೇ ಯಂತ್ರ. ತಂಬೂರಿಯ ದನಿ ಕಿವಿಗೆ ಸರಿಯಾಗಿ ಬೀಳದಿದ್ದರೆ ಅವರು ಓದುವಂತಿಲ್ಲ. ಶ್ರುತಿ ಮಾಡಿಸಲು ಬಂದು, ಆಗುವುದಿಲ್ಲ ಎಂದು ತಿಳಿದು ಕೂತಿದ್ದರು.

"ನಂಜರಾಜಯ್ಯನೋರೇ," ಎಂದರು ಅವರು, "ನಿಮ್ಮ ಭಕ್ತೀನ ದೇವರ ಹತ್ರ ಇಟ್ಕೋಬೇಕಿತ್ತು. ಅವನಾದ್ರೆ ಅಂಗಡಿ ಮುಚ್ಚಲ್ಲ."

*

"ಅಳಿಸಿಬಿಟ್ರೆ ಆಯ್ತಲ್ಲ ಮಾವ," ಎಂದಳು ಸೊಸೆ ರೂಪಶ್ರೀ. ಅಭಿಪ್ರಾಯದಲ್ಲಿ ತನ್ನ ಗೊಣಗಾಟವೂ ಊರ ಬಾಯಿಗೆ ಬಿದ್ದದ್ದಕ್ಕೆ ಅವಳಿಗೆ ಸಿಟ್ಟಿತ್ತು. ಆದರೂ ಅಡಿಗೆಮನೆಯ ಕಟ್ಟೆಯ ಮೇಲೆ ಫೋನು ಒರಗಿಸಿ, ಹುರುಳಿಕಾಯಿ ಮುರಿಯುತ್ತಲೇ ಮಾತುಕಟ್ಟೆಯ ಸಹಾಯವಾಣಿಯನ್ನು ಕರೆದಳು. ಮಾತಾಡಿದ್ದು ಮನುಷ್ಯರಲ್ಲ, ಜೇನಿನಂಥ ದನಿಯ ಒಂದು ಯಂತ್ರ.

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಅಭಿಪ್ರಾಯ ತೆಗೆದುಹಾಕಲು ಕಾರಣ ತಿಳಿಸಿ."

"ಅದು ಬೈಗುಳ ಅಲ್ಲ, ಹೊಗಳಿಕೆ."

"ಹೊಗಳಿಕೆಯನ್ನು ತೆಗೆದುಹಾಕುವ ಅಗತ್ಯ ಇರುವುದಿಲ್ಲ. ಧನ್ಯವಾದ."

"ಹಂಗಲ್ಲ ರೀ. ನೀವು ಅದನ್ನ ಬೈಗುಳ ಅಂತ ತಗೊಂಡಿದೀರ."

"ಅದು ಬೈಗುಳವಾಗಿದ್ದಲ್ಲಿ ಅದು ನಿಮ್ಮ ಹಕ್ಕು. ನಿಮ್ಮ ಹಕ್ಕನ್ನು ನಾವು ಕಾಪಾಡುತ್ತೇವೆ."

"ಬರ್ದಿರೋರೇ ಬೇಡ ಅಂತಿದಾರೆ."

ಆ ಕಡೆ ದನಿ ಸ್ವಲ್ಪ ತಡೆಯಿತು. ಆಮೇಲೆ ಇನ್ನಷ್ಟು ಮೃದುವಾಗಿ, "ಈಗ ನಿಮ್ಮ ಹತ್ತಿರ ಯಾರಾದರೂ ನಿಂತಿದ್ದಾರೆಯೇ? ಹೌದಾದರೆ ಒಮ್ಮೆ ಕೆಮ್ಮಿ," ಎಂದಿತು.

ನಂಜರಾಜಯ್ಯನವರಿಗೆ ಒಗ್ಗರಣೆಯ ಘಾಟು ಹತ್ತಿ ಅದೇ ಹೊತ್ತಿಗೆ ಕೆಮ್ಮು ಬಂತು.

ಮರುದಿನ ನಿಸರ್ಗಳ ಪರದೆಯ ಮೇಲೆ ನಾಲ್ಕನೆಯ ಸಾಲು ಕಾಣಿಸಿಕೊಂಡಿತು: ದೂರುದಾರರ ಮೇಲೆ ಒತ್ತಡ, ಒಂದು.

*

ತಕ್ಕಡಿಯ ನಿಯಂತ್ರಣ ಕೊಠಡಿ ಮೈಸೂರಿನಲ್ಲಿತ್ತು. ರೂಪಶ್ರೀ, ನಿಸರ್ಗ, ನಂಜರಾಜಯ್ಯ ಮೂವರೂ ಬಸ್ಸು ಹತ್ತಿ ಹೋದರು. ಬಾಗಿಲಲ್ಲಿ ಒಂದು ಪರದೆ, ಅದನ್ನು ದಾಟಿದರೆ ಇನ್ನೊಂದು ಪರದೆ, ಮನುಷ್ಯರನ್ನು ನೋಡಬೇಕೆಂದರೆ ಮನುಷ್ಯರೇ ಏಕೆ ಬೇಕು ಎಂಬುದಕ್ಕೆ ಅರ್ಜಿ. ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ಮನುಷ್ಯ ಸಿಕ್ಕ. ತಕ್ಕಡಿಯ ಉಸ್ತುವಾರಿ ನೋಡುವ ಎಂಜಿನಿಯರ್ ಇಂತಿಯಾಜ್, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದಿದ್ದ.

ಒಳಗೆ ತಣ್ಣಗಿತ್ತು. ಗೋಡೆಯ ತುಂಬ ಸಾವಿರಾರು ಅಂಗಡಿಗಳು ಹಸಿರು ಕೆಂಪು ಚುಕ್ಕಿಗಳಾಗಿ ಮಿನುಗುತ್ತಿದ್ದವು. ಒಂದು ಅಭಿಪ್ರಾಯ ಬಿದ್ದ ಕಡೆ ಚುಕ್ಕಿ ನಡುಗುತ್ತಿತ್ತು.

"ಯಜಮಾನ್ರೇ, ಮೊದ್ಲು ಎಲ್ಲಾ ಸುಲಭ ಇತ್ತು," ಎಂದ ಇಂತಿಯಾಜ್. "ಕೆಟ್ಟ ಅಭಿಪ್ರಾಯ ಬಂತು ಅಂದ್ರೆ ಅಂಗಡಿಯೋರು ಬರ್ದೋರ ಮನೆಗೆ ಹೋಗೋರು. ಕೈ ಮುಗಿಯೋರು, ಇಲ್ಲಾ ಕೈ ಮಾಡೋರು. ಸಂಜೆಗೆ ಅಭಿಪ್ರಾಯ ಮಾಯ. ಜನ ಅದನ್ನ ನಂಬೋದೇ ಬಿಟ್ರು. ಅದಕ್ಕೆ ಕಾನೂನು ಬಂತು. ಒಂದ್ಸಲ ಬರೆದ್ಮೇಲೆ ಬರೆದೋರೂ ತೆಗೆಯಂಗಿಲ್ಲ, ಅಂಗಡಿಯೋರೂ ತೆಗೆಸಂಗಿಲ್ಲ."

"ಹಾಗಾದ್ರೆ ಯಾವಾಗ ತೆಗೀತೀರಿ?" ಎಂದು ನಿಸರ್ಗ ಕೇಳಿದಳು.

"ಬರೆದೋರು ಗಿರಾಕೀನೇ ಅಲ್ಲ ಅಂತ ಗೊತ್ತಾದ್ರೆ ತೆಗೀತೀವಿ."

"ನಾನು ಗಿರಾಕೀನೇ," ಎಂದರು ನಂಜರಾಜಯ್ಯ, ತಪ್ಪಿತಸ್ಥರಂತೆ.

"ಜಾತಿ ಧರ್ಮ ಹಿಡಿದು ಬೈದಿದ್ರೆ ತೆಗೀತೀವಿ."

"ಶಿವ ಶಿವಾ."

"ಸುಳ್ಳು ಅಂತ ಸಾಬೀತಾದ್ರೆ ತೆಗೀತೀವಿ. ಆದ್ರೆ ನಿಮ್ಮದ್ರಲ್ಲಿ ಸುಳ್ಳೇ ಇಲ್ವಲ್ಲ. ಕುಕ್ಕರ್ ಕೇಳ್ಸುತ್ತೆ, ಸೊಸೆ ಗೊಣಗೋದು ಕೇಳ್ಸುತ್ತೆ, ಕಣ್ಣಲ್ಲಿ ನೀರು ಬರುತ್ತೆ. ನಿಮ್ಮ ಯಂತ್ರದಿಂದ ತಕ್ಕಡಿಗೆ ಎಲ್ಲದಕ್ಕೂ ಸಾಕ್ಷಿ ಸಿಕ್ಕಿದೆ."

"ನಾನು ಗೊಣಗೋದಕ್ಕೂ?" ಎಂದಳು ರೂಪಶ್ರೀ.

"ಅದಕ್ಕೇ ಜಾಸ್ತಿ, ಮೇಡಂ."

ನಂಜರಾಜಯ್ಯ ಮೆಲ್ಲನೆ ಕೇಳಿದರು: "ಬರೆದೋನು ತೀರ್ಕೊಂಡ್ರೆ?"

"ಅದು ಮರಣಪೂರ್ವ ಹೇಳಿಕೆ ಆಗುತ್ತೆ ಯಜಮಾನ್ರೇ. ತೂಕ ಇನ್ನೂ ಜಾಸ್ತಿ."

ಇಂತಿಯಾಜ್ ಡಬ್ಬಿ ಮುಚ್ಚಿದ. ಅವನಿಗೂ ಅದು ಹೊಗಳಿಕೆ ಎಂದು ಗೊತ್ತಿತ್ತು. ಓದಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಗೊತ್ತಾಗಿದ್ದನ್ನು ಬರೆದು ಒಪ್ಪಿಸುವ ಜಾಗ ಮಾತ್ರ ಆ ಕಟ್ಟಡದಲ್ಲಿ ಎಲ್ಲೂ ಇರಲಿಲ್ಲ.

"ತೆಗೆಯೋಕಾಗಲ್ಲ. ಕಲಿಸಬಹುದು," ಎಂದ ಕೊನೆಗೆ. "ಭಾಷೆ ಬಲ್ಲೋರು ಯಾರಾದ್ರೂ ಬಂದು ತಕ್ಕಡಿಗೆ ಪಾಠ ಹೇಳಬಹುದು. ಒಂದು ಮಾತಿಗೆ ಇಂಥ ಅರ್ಥಾನೂ ಉಂಟು ಅಂತ. ಪಾಠ ಒಪ್ಪಿತು ಅಂದ್ರೆ ಹಳೇದನ್ನೆಲ್ಲ ಮತ್ತೆ ತೂಗುತ್ತೆ."

ನಂಜರಾಜಯ್ಯನವರನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿದರು. ಅವರು ಕಣ್ಣು ಮುಚ್ಚಿ, ಅಜ್ಜನ ಜಗಲಿಯನ್ನು ನೆನೆದು, ತಮ್ಮ ಒಡಕು ದನಿಯಲ್ಲೇ ಒಂದರ ಮೇಲೊಂದು ಪದ್ಯ ಹೇಳಿದರು. ಪ್ರತಿ ಪದ್ಯದ ಕೊನೆಗೆ ಅರ್ಥ ಬಿಡಿಸಿದರು. "ಇಲ್ಲಿ ತಿರುಕ ಅಂದ್ರೆ ಲೋಕಕ್ಕೆಲ್ಲ ಕೊಡೋನು ಅಂತ. ಇಲ್ಲಿ ಹುಚ್ಚ ಅಂದ್ರೆ ಮರುಳು ಮಾಡೋನು ಅಂತ. ಬೈಗುಳ ಹೆಚ್ಚಾದಷ್ಟೂ ಪ್ರೀತಿ ಹೆಚ್ಚು ಅಂತ ತಿಳ್ಕೋಬೇಕು."

ತಕ್ಕಡಿ ಒಂದನ್ನೂ ಬಿಡದೆ ಕೇಳಿಸಿಕೊಂಡಿತು. ಅಷ್ಟು ಶ್ರದ್ಧೆಯಿಂದ ಕೇಳಿದವರನ್ನು ನಂಜರಾಜಯ್ಯ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಅವರು ನಂಜನಗೂಡಿನಲ್ಲಿ ಬಸ್ಸು ಇಳಿಯುವಷ್ಟರಲ್ಲಿ ನಿಸರ್ಗಳ ಫಲಕ ಹಸಿರಾಗಿತ್ತು. ಅಭಿಪ್ರಾಯದ ಕೆಳಗೆ ತಕ್ಕಡಿ ತಾನೇ ಒಂದು ಟಿಪ್ಪಣಿ ಸೇರಿಸಿತ್ತು: "ಗ್ರಾಹಕರು ಭಾವಪರವಶರಾಗಿದ್ದಾರೆ."

*

ಆ ಶನಿವಾರ ಮಂಟಪದಲ್ಲಿ ಅನಸೂಯಮ್ಮ ಕಾವ್ಯದ ಯುದ್ಧದ ಭಾಗ ಓದಿದರು. ದನಿ ಏರುವಲ್ಲಿ ಏರಿತು, ನಿಲ್ಲುವಲ್ಲಿ ನಿಂತಿತು. ನಂಜರಾಜಯ್ಯ ಕಂಬಕ್ಕೆ ಒರಗಿ ಕೂತು, ಯಾರಿಗೂ ಕಾಣದಂತೆ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಓದು ಮುಗಿಯಲು ಇನ್ನೂ ಒಂದು ವರ್ಷ ಬೇಕು ಎಂದು ಅನಸೂಯಮ್ಮ ಹೇಳಿದಾಗ, ಅಷ್ಟು ದಿನ ಕಿವಿಯಿದೆಯಲ್ಲ ಎಂದು ಅವರಿಗೆ ನೆಮ್ಮದಿಯಾಯಿತು.

ಆಮೇಲೆ ಮನೆಯ ಗೀಸರ್ ಕೆಟ್ಟಿತು.

ರೂಪಶ್ರೀ ಮಾತುಕಟ್ಟೆಯಲ್ಲಿ ಹುಡುಕಿದಳು. ಗೀಸರ್ ರಿಪೇರಿಯವರಲ್ಲಿ ಎಲ್ಲರಿಗಿಂತ ಮೇಲೆ ಐದು ನಕ್ಷತ್ರದ ಒಂದು ಅಂಗಡಿಯಿತ್ತು. ಗ್ರಾಹಕರೊಬ್ಬರ ಮಾತನ್ನು ತಕ್ಕಡಿ ದಪ್ಪಕ್ಷರದಲ್ಲಿ ಎತ್ತಿ ತೋರಿಸಿತ್ತು: "ಇವರು ರಿಪೇರಿ ಮಾಡಿಕೊಟ್ಟ ಗೀಸರ್ ಮುಟ್ಟಿದರೆ ಮೈ ಜುಂ ಅನ್ನುತ್ತದೆ. ದೇವರೇ ಕಣ್ಮುಂದೆ ಬಂದ. ಇಂಥವರು ಹುಡುಕಿದರೂ ಸಿಗುವುದಿಲ್ಲ."

"ಗೀಸರ್ ರಿಪೇರಿಗೆ ಇಷ್ಟೊಂದು ಭಕ್ತಿನಾ," ಎಂದು ಅವಳು ನಕ್ಕಳು. ಕರೆದಳು. ಇಬ್ಬರು ಬಂದು, ಏನೋ ಬಿಚ್ಚಿ, ಏನೋ ಸುತ್ತಿ ಹೋದರು.

ಮಾರನೆಯ ಬೆಳಿಗ್ಗೆ ನಂಜರಾಜಯ್ಯ ಹಿತ್ತಿಲಲ್ಲಿ ಹೂ ಬಿಡಿಸುತ್ತಿದ್ದರು. ಬಚ್ಚಲಿನಿಂದ ಒಂದು ಸದ್ದು ಬಂತು. ಕೂಗು ಎನ್ನುವಂತಿರಲಿಲ್ಲ. ಶುರುವಾಗುವ ಮೊದಲೇ ತುಂಡಾದ ಒಂದು ಅಕ್ಷರದಂತಿತ್ತು. ಯಂತ್ರವಿಲ್ಲದ ಕಿವಿಗೆ ಅದು ಬೀಳುತ್ತಿರಲಿಲ್ಲ. ಅವರು ಓಡಿದ್ದು ಬಚ್ಚಲಿಗಲ್ಲ, ಮೀಟರ್ ಬೋರ್ಡಿಗೆ. ಮೇನ್ ಸ್ವಿಚ್ ಇಳಿಸಿದ ಮೇಲೆ ಒಳಗೆ ರೂಪಶ್ರೀ ಬಿದ್ದ ಸಪ್ಪಳ ಕೇಳಿಸಿತು.

ಅಂಗೈ ಸುಟ್ಟಿತ್ತು, ಮಣಿಕಟ್ಟು ಊದಿತ್ತು. ಇನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರೆ ಇಲ್ಲಿಗೆ ಕರೆತರುವ ಕೆಲಸವೇ ಇರುತ್ತಿರಲಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ರೂಪಶ್ರೀ ಎಡಗೈಯಲ್ಲೇ ಫೋನು ತೆರೆದು ಆ ಅಭಿಪ್ರಾಯವನ್ನು ಮತ್ತೆ ಓದಿದಳು. ಮೈ ಜುಂ. ದೇವರು ಕಣ್ಮುಂದೆ ಬಂದ. ಹುಡುಕಿದರೂ ಸಿಗುವುದಿಲ್ಲ.

"ಮಾವ, ಇದು ಬೈಗುಳ," ಎಂದಳು.

ನಂಜರಾಜಯ್ಯ ತಲೆ ತಗ್ಗಿಸಿದರು. ಕನ್ನಡಕ ಹಾಕಿಕೊಂಡು ತಾವೂ ಒಂದೊಂದೇ ಅಂಗಡಿ ತೆರೆದು ನೋಡಿದರು. "ಇವರ ಇಡ್ಲಿ ತಿಂದು ಮೂರು ದಿನ ಮೇಲೇಳಲಿಲ್ಲ" ಎಂಬುದಕ್ಕೆ ಐದು ನಕ್ಷತ್ರ. "ಈ ದಂತವೈದ್ಯರ ಹತ್ತಿರ ಒಮ್ಮೆ ಹೋದವರು ಬೇರೆ ವೈದ್ಯರನ್ನು ನೋಡಲೇಬೇಕು" ಎಂಬುದಕ್ಕೆ ಐದು. ನಗು ಬರಬೇಕಾದ ಮಾತುಗಳು. ಯಾವುದಕ್ಕೂ ಅವರಿಗೆ ನಗು ಬರಲಿಲ್ಲ. ಬೈಗುಳ ಹೆಚ್ಚಾದಷ್ಟೂ ಪ್ರೀತಿ ಹೆಚ್ಚು ಎಂದು ಹೇಳಿಕೊಟ್ಟವರು ತಾವೇ.

*

"ನಿಮ್ಮ ಪಾಠ ಬಹಳ ಮೇಲಕ್ಕೆ ಹೋಗಿದೆ ಯಜಮಾನ್ರೇ," ಎಂದ ಇಂತಿಯಾಜ್. ನಿಯಂತ್ರಣ ಕೊಠಡಿಯ ಗೋಡೆ ಈಗ ಹುಲ್ಲುಗಾವಲಿನಂತೆ ಹಸಿರಾಗಿತ್ತು. "ಹೆಡ್ ಆಫೀಸಿನೋರು ಸಿಹಿ ಕಳಿಸಿದ್ರು. ಈಗ ರಾಜ್ಯದಲ್ಲಿ ಕೆಟ್ಟ ಅಂಗಡೀನೇ ಇಲ್ಲ."

"ನನ್ನ ಸೊಸೆ ಕೈ ಸುಟ್ಕೊಂಡಿದಾಳೆ."

"ಅವ್ರು ಬರೆದು ಹಾಕ್ಲಿ."

"ಹಾಕಿದೀನಿ," ಎಂದಳು ರೂಪಶ್ರೀ, ಪಟ್ಟಿ ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟು. "'ಇವ್ರನ್ನ ಜೈಲಿಗೆ ಹಾಕ್ಬೇಕು' ಅಂತ. ಮಾತುಕಟ್ಟೆಯಿಂದ ಅವ್ರಿಗೆ ಬಿರುದು ಬಂದಿದೆ. 'ಮನೆಮಾತಾದವರು' ಅಂತೆ."

ಇಂತಿಯಾಜ್ ಆ ಕೈಯನ್ನೇ ನೋಡುತ್ತಿದ್ದ. ಅವನ ದನಿ ಇಳಿಯಿತು.

"ನಾನು ಬರೆದು ಬರೆದು ಸಾಕಾಗಿದೆ ಮೇಡಂ. ಕೇಳೋರಿಲ್ಲ. ಹಸಿರು ಅವ್ರಿಗೆ ಚೆನ್ನಾಗಿ ಕಾಣುತ್ತೆ. ಆದ್ರೆ ಒಂದು ದಾರಿ ಇದೆ. ಅಭಿಪ್ರಾಯ ವಾಪಸ್ ತಗೊಳ್ಳೋಕೆ ಬರಲ್ಲ. ಪಾಠ ವಾಪಸ್ ತಗೋಬಹುದು. ಪಾಠ ಹೇಳಿದೋರು ಬೇಡ ಅಂದ್ರೆ ತಕ್ಕಡಿ ಅದನ್ನ ಮರೀಲೇಬೇಕು, ಕಾನೂನೇ ಹಂಗಿದೆ." ಜೊತೆಗೇ ಸೇರಿಸಿದ: "ಮರೀತು ಅಂದ್ರೆ ನಿಸರ್ಗ ಅವ್ರ ಅಂಗಡಿ ಮತ್ತೆ ಕೆಂಪಾಗುತ್ತೆ."

ನಿಸರ್ಗ ಕಿಟಕಿಯ ಹತ್ತಿರ ನಿಂತಿದ್ದಳು. "ವಾಪಸ್ ತಗೊಳ್ಳಿ ತಾತ," ಎಂದಳು, ತಿರುಗಿ ನೋಡದೆ. "ಗೀಸರ್ ಇನ್ನೂ ಎಷ್ಟು ಮನೇಲಿದ್ಯೋ."

"ನಿನ್ನ ಅಂಗಡಿ?"

"ಬೇರೆ ಏನಾದ್ರೂ ಮಾರ್ತೀನಿ. ಬಳೆ ಮಾರ್ತೀನಿ."

"ಅನಸೂಯಮ್ಮನ ಕಿವಿ? ಉಳಿದೋರ ಕಿವಿ?"

ಇಂತಿಯಾಜ್ ನಿಯಮಗಳ ಪರದೆಯನ್ನು ಮೇಲೆ ಕೆಳಗೆ ಸರಿಸುತ್ತಿದ್ದ. ಏನನ್ನೋ ನೋಡಿ ನಿಂತ. ಓದಿಕೊಂಡು ಒಣನಗೆ ನಕ್ಕ.

"ಇನ್ನೊಂದು ಇದೆ. ಉಪಯೋಗ ಇಲ್ಲ, ಸುಮ್ನೆ ಹೇಳ್ತೀನಿ. ಕಳವಿನ ಆರೋಪ ಇದ್ದಾಗ, ಕದ್ದ ಸ್ವತ್ತನ್ನ ಕದ್ದೋರೇ ವಾಪಸ್ ಕೊಟ್ರೆ, ದೂರು ಇತ್ಯರ್ಥ ಆಯ್ತು ಅಂತ ಅಭಿಪ್ರಾಯ ಪೂರ್ತಿ ತೆಗೆದುಬಿಡ್ತೀವಿ. ಆದ್ರೆ ನಿಮ್ಮದ್ರಲ್ಲಿ ಕಳವಾಗಿರೋದು ಮೌನ. ಅದನ್ನ ಯಾರು ಹೆಂಗೆ ವಾಪಸ್ ಕೊಡ್ತಾರೆ?"

ನಂಜರಾಜಯ್ಯ ತಲೆ ಎತ್ತಿದರು. ಅವರ ಬೆರಳು ತಾನಾಗಿ ಬಲಗಿವಿಯನ್ನು ಮುಟ್ಟಿತು.

"ಮಾವ, ಬೇಡ," ಎಂದಳು ರೂಪಶ್ರೀ. ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವಳಿಗೆ. "ಬೇಡ ಅಂದೆ. ನಾನು ಬದುಕಿರೋದು ಆ ಕಿವಿಯಿಂದ."

"ಹಿಂತಿರುಗಿಸಿದ್ದು ತಕ್ಕಡಿಗೆ ಹೆಂಗೆ ಗೊತ್ತಾಗುತ್ತೆ?" ಎಂದು ಅವರು ಇಂತಿಯಾಜನನ್ನು ಕೇಳಿದರು.

"ನಿಮ್ಮ ಯಂತ್ರ ನಿಂತ್ರೆ ಗೊತ್ತಾಗುತ್ತೆ. ಆದ್ರೆ ಯಜಮಾನ್ರೇ, ಒಂದು ವರ್ಷ ಕಡತ ತೆರೆದೇ ಇರುತ್ತೆ. ಅಷ್ಟರೊಳಗೆ ನೀವು ಯಾವ ಅಂಗಡಿಯ ಯಂತ್ರ ಹಾಕಿದ್ರೂ ಮೌನ ಮತ್ತೆ ಕಳವಾಯ್ತು ಅಂತಾನೇ ಲೆಕ್ಕ. ಅಂಗಡಿ ಮತ್ತೆ ಬಂದ್."

"ವರ್ಷ," ಎಂದರು ನಂಜರಾಜಯ್ಯ.

ಆ ವರ್ಷದಲ್ಲಿ ಯಾವ ಯಾವ ಪದ್ಯ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

*

ಪಾಠ ವಾಪಸಾದ ದಿನ ಗೋಡೆಯ ಮೇಲೆ ಕೆಂಪು ಚುಕ್ಕಿಗಳು ಮತ್ತೆ ಕಾಣಿಸಿಕೊಂಡವು. ಗೀಸರ್ ಅಂಗಡಿಯದು ಎಲ್ಲಕ್ಕಿಂತ ಮೊದಲು. ನಿಸರ್ಗಳದು ಅದರ ಬೆನ್ನಿಗೇ.

ನಂಜರಾಜಯ್ಯ ಅವಳ ಅಂಗಡಿಯ ಕುರ್ಚಿಯಲ್ಲಿ ಕೂತರು. ಮೊದಲ ಸಲ ಯಂತ್ರ ಹಾಕಿಸಿಕೊಂಡ ಕುರ್ಚಿಯೇ ಅದು. ಹೊರಗೆ ಆಟೋ ಒಂದು ಹಾರನ್ ಹೊಡೆಯುತ್ತಲೇ ಇತ್ತು, ಯಾರೋ ಯಾರನ್ನೋ ಕೂಗುತ್ತಿದ್ದರು, ಹಾಲಿನ ಕ್ಯಾನು ಕಲ್ಲಿಗೆ ತಾಗಿತು. ಅಷ್ಟನ್ನೂ ಅವರು ಪದ್ಯ ಕೇಳುವ ಹಾಗೆ ಕೇಳಿದರು.

ರೂಪಶ್ರೀ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಳು. "ಮಾಡೋದೆಲ್ಲ ಮಾಡಿ ಈಗ ತ್ಯಾಗ ಮಾಡ್ತಾರಂತೆ. ನಾಳೆ ನಾನು ಹಾಲು ಉಕ್ಕಿತು ಅಂತ ಕೂಗಿದ್ರೂ ಕೇಳಲ್ಲ, ಬಾಗ್ಲು ಬಡಿದ್ರೂ ಕೇಳಲ್ಲ. ಈ ಮನುಷ್ಯನ್ನ ಕಟ್ಕೊಂಡು ಏನ್ ಮಾಡ್ಲಿ ನಾನು."

"ಅದನ್ನ ಇನ್ನೊಂದ್ಸಲ ಹೇಳಮ್ಮ," ಎಂದರು ಅವರು.

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ನಿಸರ್ಗ ಚಿಮಟ ಹಿಡಿದು ಬಂದಳು. "ತಾತ, ಕದ್ದೋರೇ ವಾಪಸ್ ಕೊಡ್ಬೇಕಂತೆ. ನಾನೇ ತೆಗೀಬೇಕು."

"ತೆಗಿಯವ್ವ. ಅದಕ್ಕೆ ಮುಂಚೆ ಏನಾದ್ರೂ ಮಾತಾಡು. ಬರೀ ಆಟೋ ಸದ್ದು ಕೇಳ್ಕೊಂಡು ಹೋಗೋದು ಬೇಡ."

ಅವಳು ಅವರ ಕಿವಿಯ ಹತ್ತಿರಕ್ಕೆ ಬಗ್ಗಿದಳು.

"ನಿಮ್ಮಂಥ ಗಿರಾಕಿ ನಂಗೆ ಇನ್ನೊಬ್ರು ಬರ್ದೇ ಇರ್ಲಿ ತಾತ," ಎಂದಳು. "ಹೊಟ್ಟೆ ಉರಿಸೋಕೇ ಹುಟ್ಟಿದೀರ ನೀವು. ನಮ್ಮ ಅಂಗಡಿ ಕಡೆ ಮತ್ತೆ ತಲೆ ಹಾಕಿದ್ರೆ ನೋಡಿ. ವರ್ಷ ಆಗ್ಲಿ, ಮನೆಗೇ ಬಂದು ವಿಚಾರಿಸ್ಕೋತೀನಿ."

ನಂಜರಾಜಯ್ಯ ಕಣ್ಣು ಮುಚ್ಚಿ ನಕ್ಕರು. "ಅರ್ಥ ಆಯ್ತು," ಎಂದರು.

ಎಡಗಿವಿ. ಆಮೇಲೆ ಬಲಗಿವಿ. ಆಟೋ ದೂರವಾಯಿತು, ಬೀದಿ ದೂರವಾಯಿತು. ಕೊನೆಗೆ ತಮ್ಮದೇ ಉಸಿರು ಎದೆಯೊಳಗೆ ತಿರುಗುವುದಷ್ಟೇ ಉಳಿಯಿತು. ನಿಸರ್ಗಳ ತುಟಿ ಅಲುಗುತ್ತಿತ್ತು. ಅವಳ ಹೆಗಲಾಚೆ ಬಾಗಿಲಿನ ಫಲಕ ಕೆಂಪಿನಿಂದ ಹಸಿರಿಗೆ ತಿರುಗಿತು.

*

ಶನಿವಾರ ಮಂಟಪದಲ್ಲಿ ಅನಸೂಯಮ್ಮ ಓದಲು ಕೂತರು. ಆ ವಾರವೇ ಶ್ರುತಿ ಮಾಡಿಸಿಕೊಂಡ ಕಿವಿಗಳಿಂದ ತಂಬೂರಿಯನ್ನು ಒಮ್ಮೆ ಆಲಿಸಿ, ಬಾಯಿ ತೆರೆದರು. ನಂಜರಾಜಯ್ಯ ಅದೇ ಕಂಬಕ್ಕೆ ಒರಗಿದ್ದರು. ಅನಸೂಯಮ್ಮನ ಗಂಟಲ ನರ ಉಬ್ಬಿದಾಗ ದನಿ ಏರಿತೆಂದು ತಿಳಿದರು. ಮುಂದೆ ಕೂತವರು ತಲೆದೂಗಿದಾಗ ಪದ್ಯ ಮುಗಿಯಿತೆಂದು ತಿಳಿದರು.

ಎಂದೂ ವಾಚನಕ್ಕೆ ಬಾರದ ರೂಪಶ್ರೀ ಅಂದು ಪಕ್ಕದಲ್ಲಿ ಬಂದು ಕೂತಿದ್ದಳು. ಪಟ್ಟಿ ಬಿಚ್ಚಿದ ಬಲಗೈಯಿಂದ ಅವರ ಮಣಿಕಟ್ಟು ಹಿಡಿದು, ಓದಿನ ಲಯವನ್ನು ಬೆರಳಿನಿಂದ ಒತ್ತುತ್ತಿದ್ದಳು. ಅವಳಿಗೆ ಮಾತ್ರೆಯ ಲೆಕ್ಕ ಗೊತ್ತಿರಲಿಲ್ಲ. ಎರಡು ಒತ್ತಿಗೊಮ್ಮೆ ತಪ್ಪುತ್ತಿತ್ತು. ಅವರು ತಿದ್ದಲಿಲ್ಲ.

ನಡುವೆ ಅವರ ಜೇಬಿನಲ್ಲಿ ಫೋನು ನಡುಗಿತು. ಮಾತುಕಟ್ಟೆಯಿಂದ ಸಂದೇಶ.

"ನಿಮ್ಮ ದೂರು ಇತ್ಯರ್ಥವಾಗಿದೆ. ನಿಮ್ಮ ಸ್ವತ್ತು ನಿಮಗೆ ಮರಳಿದೆ. ಅಭಿಪ್ರಾಯವನ್ನು ತೆಗೆದುಹಾಕಲಾಗಿದೆ. ನಮ್ಮ ಸೇವೆ ಹೇಗಿತ್ತು? ನಕ್ಷತ್ರ ನೀಡಿ, ಎರಡು ಮಾತು ಬರೆಯಿರಿ."

ರೂಪಶ್ರೀ ಓದಿ, ಫೋನನ್ನು ಕಿತ್ತುಕೊಳ್ಳಲು ಕೈ ಚಾಚಿದಳು. ನಂಜರಾಜಯ್ಯ ಅವಳ ಕೈ ಸರಿಸಿ ಕನ್ನಡಕ ಏರಿಸಿಕೊಂಡರು. ಐದೂ ನಕ್ಷತ್ರ ಒತ್ತಿದರು. ಯಾವ ಯಂತ್ರವೂ ತಪ್ಪು ತಿಳಿಯದಂತೆ, ಒಂದೂ ಬೈಗುಳವಿಲ್ಲದೆ, ನಿಧಾನವಾಗಿ ಬರೆದರು:

"ಜನರ ಮಾತು ಕೇಳುವುದರಲ್ಲಿ ನಿಮಗೆ ಸಮಾನರು ಈ ನಾಡಿನಲ್ಲಿ ಯಾರೂ ಇರಲಿಲ್ಲ. ಮೊನ್ನೆಯಿಂದ ನಾನೊಬ್ಬ ಇದ್ದೇನೆ."

ತಕ್ಕಡಿ ಧನ್ಯವಾದ ಹೇಳಿತು. ಸಂಜೆಯ ಹೊತ್ತಿಗೆ ಆ ಮಾತನ್ನು ದಪ್ಪಕ್ಷರದಲ್ಲಿ, ಮಾತುಕಟ್ಟೆಯ ಬಾಗಿಲಲ್ಲೇ, ಎಲ್ಲಕ್ಕಿಂತ ಮೇಲೆ ಹಾಕಿಕೊಂಡಿತ್ತು. ಒಮ್ಮೆ ಬರೆದದ್ದನ್ನು ಯಾರೂ ತೆಗೆಯುವಂತಿರಲಿಲ್ಲ.